637 ವಿಕೆಟ್, ಟೆಸ್ಟ್ ಸೊನ್ನೆ

ರಣಜಿ ಟ್ರೋಫಿಯಲ್ಲಿ ಅತಿ ಹೆಚ್ಚು ವಿಕೆಟ್ ತೆಗೆದವರು ಯಾರು ಅಂತ ಕೇಳಿ ನೋಡಿ. ಕೆಲವರು ಅನಿಲ್ ಕುಂಬ್ಳೆ ಅಂತಾರೆ (ಕಾಸರಗೋಡಿನ ಕುಂಬಳೆಯ ಹೆಸರು ಹೊತ್ತವರು ಅಂತ ನಮಗೊಂದು ಪ್ರೀತಿ ಇದ್ದೇ ಇದೆ), ಕೆಲವರು ಬೇಡಿ ಅಂತಾರೆ. ಇಬ್ಬರೂ ಅಲ್ಲ. ರಾಜಿಂದರ್ ಗೋಯಲ್. 637 ವಿಕೆಟ್. ಎರಡನೇ ಸ್ಥಾನದ ವೆಂಕಟರಾಘವನ್ ಅವರದ್ದು 530. ಆಗೆಲ್ಲ ವಲಯದ ಲೀಗ್‌ನಲ್ಲಿ ವರ್ಷಕ್ಕೆ ನಾಲ್ಕೈದು ಪಂದ್ಯ ಅಷ್ಟೇ, ತಂಡ ನಾಕೌಟ್ ತಲುಪಿದರೆ ಇನ್ನೊಂದೆರಡು. ಅಷ್ಟರಲ್ಲೇ ಇಷ್ಟು ವಿಕೆಟ್!

ಗೋಯಲ್ ಹುಟ್ಟಿದ್ದು 1942ರಲ್ಲಿ, ಈಗ ಹರಿಯಾಣದಲ್ಲಿರುವ ನರ್ವಾನಾದಲ್ಲಿ. ಎಡಗೈ ಸ್ಪಿನ್ನರ್. ಪಟಿಯಾಲ, ದಕ್ಷಿಣ ಪಂಜಾಬ್, ದೆಹಲಿ, ಕೊನೆಗೆ ಹರಿಯಾಣ. ಕಾಲು ಶತಮಾನಕ್ಕೂ ಹೆಚ್ಚು ಕಾಲ ಆಡಿ, 42ರ ವಯಸ್ಸಲ್ಲಿ, 1984-85ರ ಋತುವಿನೊಂದಿಗೆ ನಿಲ್ಲಿಸಿದರು. ಒಟ್ಟು 157 ಪ್ರಥಮ ದರ್ಜೆ ಪಂದ್ಯ, 750 ವಿಕೆಟ್, ಸರಾಸರಿ 18.58. ಭಾರತದ ಪರ ಒಂದೇ ಒಂದು ಅಧಿಕೃತ ಟೆಸ್ಟ್ ಇಲ್ಲ. 1964-65ರಲ್ಲಿ ಸಿಲೋನ್ ವಿರುದ್ಧ ಅಹಮದಾಬಾದಿನಲ್ಲಿ ಆಡಿದ್ದುಂಟು, ಆದರೆ ಸಿಲೋನಿಗೆ ಆಗಿನ್ನೂ ಟೆಸ್ಟ್ ಮಾನ್ಯತೆ ಇರಲಿಲ್ಲ. ಲೆಕ್ಕಕ್ಕೆ ಬರಲಿಲ್ಲ.

ಯಾಕೆ ಹೀಗಾಯ್ತು ಅಂದ್ರೆ ಎಲ್ಲರ ಬಾಯಲ್ಲೂ ಒಂದೇ ಉತ್ತರ: ಬೇಡಿ ಇದ್ದರಲ್ಲ! ನಿಜ. 1966ರ ಕೊನೆಯಿಂದ 1979ರವರೆಗೆ ಬಿಷನ್ ಸಿಂಗ್ ಬೇಡಿ 67 ಟೆಸ್ಟಿನಲ್ಲಿ 266 ವಿಕೆಟ್ ತೆಗೆದರು. ಅವರಿಗಿಂತ ಮುಂಚೆ ನಾಡಕರ್ಣಿ, ದುರಾನಿ ಇದ್ದರು. ಬೇಡಿ ಹೋದ ಮೇಲೆ ಜಾಗ ಸಿಕ್ಕಿದ್ದು ದಿಲೀಪ್ ದೋಶಿಗೆ, ಅಷ್ಟೊತ್ತಿಗೆ ಗೋಯಲ್‌ಗೆ 37. ಮುಂಬೈನ ಪದ್ಮಾಕರ್ ಶಿವಾಲ್ಕರ್, ನಮ್ಮ ಕರ್ನಾಟಕದ ಬಿ. ವಿಜಯಕೃಷ್ಣ, ಇವರೂ ಎಡಗೈ ಸ್ಪಿನ್ನರ್‌ಗಳೇ. ಇವರಿಗೂ ಟೆಸ್ಟ್ ದಕ್ಕಲಿಲ್ಲ.

ಆದರೆ ಈ ಉತ್ತರವನ್ನು ಪೂರ್ತಿ ಒಪ್ಪೋಕೆ ಮನಸ್ಸು ಬರಲ್ಲ. 1974ರ ನವೆಂಬರ್, ವೆಸ್ಟ್ ಇಂಡೀಸ್ ವಿರುದ್ಧ ಬೆಂಗಳೂರು ಟೆಸ್ಟ್. ಈಗಿನ ಚಿನ್ನಸ್ವಾಮಿ ಮೈದಾನದ ಮೊದಲ ಟೆಸ್ಟ್ ಅದು, ವಿವ್ ರಿಚರ್ಡ್ಸ್ ಮತ್ತು ಗ್ರೀನಿಜ್‌ಗೂ ಮೊದಲನೆಯದು. ಶಿಸ್ತಿನ ಕಾರಣ ಕೊಟ್ಟು ಬೇಡಿಯನ್ನು ಕೈಬಿಟ್ಟಿದ್ದರು, ಗೋಯಲ್ ತಂಡ ಸೇರಿಕೊಂಡಿದ್ದರು. ಅಡ್ಡ ನಿಂತವರೇ ಇಲ್ಲ ಅಂದಮೇಲೆ ಇನ್ನೇನು ಬೇಕು? ಆದರೂ ಆಡುವ 11ರಲ್ಲಿ ಅವರ ಹೆಸರಿರಲಿಲ್ಲ. ಆಡಿದ ಸ್ಪಿನ್ನರ್‌ಗಳು ಪ್ರಸನ್ನ, ಚಂದ್ರಶೇಖರ್, ವೆಂಕಟರಾಘವನ್.

ಇಲ್ಲೇ ನೋಡಿ ವಿಷಯ ಇರೋದು. ಪ್ರಸನ್ನ, ವೆಂಕಟ್ ಇಬ್ಬರೂ ಆಫ್ ಸ್ಪಿನ್ನರ್. ಒಂದೇ ತಂಡದಲ್ಲಿ ಇಬ್ಬರು ಆಫ್ ಸ್ಪಿನ್ನರ್‌ಗಳಿಗೆ ಜಾಗ ಇದೆ, ಆದರೆ ಎಡಗೈ ಸ್ಪಿನ್ನರ್ ಅಂದ್ರೆ ಒಬ್ಬರೇ ಸಾಕು, ಆ ಒಬ್ಬರೂ ಬೇಡಿಯೇ ಆಗಿರಬೇಕು! ವೆಂಕಟ್ ಮೊದಲ ಇನ್ನಿಂಗ್ಸಿನಲ್ಲಿ 4 ವಿಕೆಟ್ ತೆಗೆದರು, ಅವರನ್ನು ಹಳಿಯೋ ಮಾತಲ್ಲ ಇದು. ಆಯ್ಕೆಯ ಲೆಕ್ಕಾಚಾರದ ಮಾತು. ಭಾರತ ಆ ಪಂದ್ಯವನ್ನು 267 ರನ್‌ಗಳಿಂದ ಸೋತಿತು. ದೆಹಲಿಯ ಮುಂದಿನ ಟೆಸ್ಟಿಗೆ ಬೇಡಿ ವಾಪಸ್ ಬಂದರು. ಗೋಯಲ್ ಹರಿಯಾಣಕ್ಕೆ ಮರಳಿ ಇನ್ನೂ ಹತ್ತು ವರ್ಷ ಬೌಲ್ ಮಾಡಿದರು!

ಆ ಹತ್ತು ವರ್ಷವೇ ನಮಗೆ ದೊಡ್ಡದಾಗಿ ಕಾಣೋದು. ಮೇಲೆ ಕರೆಯೋದಿಲ್ಲ ಅಂತ ಗೊತ್ತಾದ ಮೇಲೂ ಚಳಿಗಾಲದ ಬೆಳಗ್ಗೆ ಖಾಲಿ ಗ್ಯಾಲರಿಗಳ ಮುಂದೆ ಓವರ್ ಮೇಲೆ ಓವರ್ ಹಾಕೋದು ಸುಲಭವಲ್ಲ. ಕಪಿಲ್ ದೇವ್ ಹರಿಯಾಣ ತಂಡಕ್ಕೆ ಬಂದಾಗ ಅಲ್ಲಿದ್ದ ಹಿರಿಯ ಬೌಲರ್ ಇವರೇ. ಗವಾಸ್ಕರ್ ತಮ್ಮ ಮೆಚ್ಚಿನ ಆಟಗಾರರ ಬಗ್ಗೆ ಬರೆದ ‘ಐಡಲ್ಸ್’ ಪುಸ್ತಕದಲ್ಲಿ ಟೆಸ್ಟ್ ದಿಗ್ಗಜರ ಸಾಲಲ್ಲೇ ಗೋಯಲ್, ಶಿವಾಲ್ಕರ್ ಇಬ್ಬರನ್ನೂ ಕೂರಿಸಿದ್ದಾರೆ. ಆಯ್ಕೆಗಾರರು ಕೊಡದ ಜಾಗವನ್ನು ಎದುರಾಳಿ ಬ್ಯಾಟ್ಸ್‌ಮನ್ ಕೊಟ್ಟಂಗಾಯ್ತು. ಗೋಯಲ್ ಮಾತ್ರ ಬೇಡಿ ಬಗ್ಗೆ ಯಾವತ್ತೂ ಕಹಿ ಮಾತಾಡಲಿಲ್ಲ, ಬೇಡಿ ತನಗಿಂತ ದೊಡ್ಡ ಬೌಲರ್ ಅಂತಲೇ ಹೇಳುತ್ತಿದ್ದರು.

2017ರ ಮಾರ್ಚ್‌ನಲ್ಲಿ ಬಿಸಿಸಿಐ ಶಿವಾಲ್ಕರ್ ಜೊತೆ ಗೋಯಲ್‌ಗೂ ಸಿ.ಕೆ. ನಾಯ್ಡು ಜೀವಮಾನ ಸಾಧನೆ ಪ್ರಶಸ್ತಿ ಕೊಟ್ಟಿತು. ಎಲ್ಲಿ ಗೊತ್ತಾ? ಅದೇ ಬೆಂಗಳೂರಲ್ಲಿ. 2020ರ ಜೂನ್ 21ರಂದು, 77ನೇ ವಯಸ್ಸಿನಲ್ಲಿ, ಅವರು ರೋಹ್ಟಕ್‌ನಲ್ಲಿ ತೀರಿಕೊಂಡರು.

ಈಗ ನೀವು ಹೇಳಿ: 1974ರ ಆ ಬೆಂಗಳೂರು ಟೆಸ್ಟಿಗೆ ನೀವೇ ಆಯ್ಕೆಗಾರರಾಗಿದ್ದರೆ ಗೋಯಲ್‌ಗಾಗಿ ಯಾರನ್ನು ಹೊರಗೆ ಕೂರಿಸುತ್ತಿದ್ದಿರಿ?