ಕಾಲಿನ ಕಟ್ಟು ಬಿಚ್ಚುವ ಮಾತು

ಕಚೇರಿಗಳೊಡನೆ ಪತ್ರವ್ಯವಹಾರ ನಡೆಯಿಸಿದ ಗೃಹಸ್ಥರೆಲ್ಲರೂ ‘ಎಕ್ಸ್‌ಪೆಡೈಟ್’ ಎಂಬ ಇಂಗ್ಲಿಷ್ ಮಾತನ್ನು ಬಲ್ಲರು. ನಮ್ಮ ಮನೆಯ ಹಿರಿಯರೊಬ್ಬರ ವಿಶ್ರಾಂತಿವೇತನದ ಕಾಗದವು ಒಂದು ಕಚೇರಿಯಲ್ಲಿ ನಿಂತುಹೋಗಿದ್ದಾಗ ನಾವೂ ಈ ಮಾತನ್ನು ಮೂರು ಸಲ ಬರೆದು ಕಳುಹಿದೆವು. ಕಾಗದವು ಕದಲಲಿಲ್ಲ. ಹಿರಿಯರು ದಿನವೂ ಅಂಚೆಯವನ ದಾರಿಯನ್ನು ನೋಡುತ್ತ ಜಗಲಿಯಲ್ಲಿ ಕುಳಿತಿರುವರು. ಬೇಸರದಲ್ಲಿ ನಿಘಂಟನ್ನು ತೆಗೆದು, ಈ ಮಾತಿನ ಹುಟ್ಟನ್ನು ವಿಚಾರಿಸಿದೆವು.

‘ತ್ವರೆಗೊಳಿಸು’ ಎಂಬುದೇ ಇದರ ಈಗಿನ ಅರ್ಥ. ಆದರೆ ಇದರ ಮೂಲದಲ್ಲಿ ಅವಸರದ ಸುಳಿವೇ ಇಲ್ಲವೆಂಬುದು ಸೋಜಿಗ. ಲ್ಯಾಟಿನ್ ಭಾಷೆಯಲ್ಲಿ ‘ಪೇಸ್’ ಎಂದರೆ ಪಾದ. ಷಷ್ಠೀ ವಿಭಕ್ತಿಯಲ್ಲಿ ಅದು ‘ಪೆದಿಸ್’ ಎಂದಾಗುವುದು. ‘ಎಕ್ಸ್’ ಎಂದರೆ ಹೊರಕ್ಕೆ. ಇವೆರಡೂ ಕೂಡಿ ‘ಎಕ್ಸ್‌ಪೆದೀರೆ’, ಎಂದರೆ ಕಟ್ಟಿನಲ್ಲಿ ಸಿಕ್ಕಿದ ಪಾದವನ್ನು ಹೊರಕ್ಕೆ ಬಿಡಿಸುವುದು. ಇದಕ್ಕೆ ಎದುರಾದ ಮಾತು ‘ಇಂಪೆದೀರೆ’, ಎಂದರೆ ಪಾದವನ್ನು ಕಟ್ಟಿಗೆ ಸಿಕ್ಕಿಸುವುದು. ಅಡ್ಡಿಪಡಿಸು ಎಂಬ ಅರ್ಥದ ‘ಇಂಪೀಡ್’ ಇದರಿಂದಲೇ ಬಂದಿತು.

ಈ ‘ಪೇಸ್’ ನಮಗೆ ತೀರ ಹೊರಗಿನದೂ ಅಲ್ಲ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಭಾಷೆಗಳು ಒಂದೇ ಮೂಲದಿಂದ ಹುಟ್ಟಿರಬೇಕೆಂದು ಸರ್ ವಿಲಿಯಂ ಜೋನ್ಸನು ೧೭೮೬ರಲ್ಲಿ ಕಲ್ಕತ್ತೆಯಲ್ಲಿ ಹೇಳಿದನು. ನಾವು ಸಂಸ್ಕೃತದಿಂದ ಪಡೆದ ‘ಪಾದ’ವು ಆ ‘ಪೇಸ್’ ಎಂಬುದರ ದಾಯಾದಿಯೇ. ಬೇರೊಂದು ವಂಶದ್ದಾದ ನಮ್ಮ ಕನ್ನಡವೂ ಅಡ್ಡಿಯನ್ನು ಕಾಲಿನಲ್ಲಿಯೇ ಕಂಡಿತು. ‘ಅಡ್ಡಗಾಲು’, ‘ತೊಡರುಗಾಲು’ ಎಂಬ ಮಾತುಗಳನ್ನು ವಾಚಕರು ಬಲ್ಲರಷ್ಟೆ.

ರೋಮನರು ದಂಡಿನ ಗಂಟುಮೂಟೆಗಳಿಗೆ ‘ಇಂಪೆದಿಮೆಂತ’ ಎಂದೇ ಹೆಸರಿಟ್ಟಿದ್ದರು. ಕಾಲಿಗೆ ತೊಡಕಾದವು ಎಂದರ್ಥ. ಹೊರೆಯಿಲ್ಲದೆ ಹಗುರವಾಗಿ ನಡೆಯುವ ಭಟನು ‘ಎಕ್ಸ್‌ಪೆದಿತುಸ್’. ಕ್ರಿ. ಪೂ. ೫೭ರಲ್ಲಿ ನೆರ್ವಿಯರೆಂಬ ಜನರ ಮೇಲೆ ದಂಡೆತ್ತಿ ಹೋದಾಗ ಇಂತಹ ಆರು ದಳಗಳನ್ನು ಮುಂದೆ ನಡೆಯಿಸಿ, ಸಾಮಾನನ್ನು ಅವುಗಳ ಹಿಂದೆ ಇರಿಸಿದುದಾಗಿ ಜೂಲಿಯಸ್ ಸೀಸರನೇ ಬರೆದಿದ್ದಾನೆ. ದಂಡಿನ ನಡಿಗೆ ಚುರುಕಾಗಬೇಕಾದರೆ ಮೊದಲು ಹೊರೆಯನ್ನು ಇಳಿಸಬೇಕೆಂಬುದು ಆತನಿಗೆ ತಿಳಿದಿತ್ತು.

ಇಷ್ಟನ್ನು ಓದಿದ ಮೇಲೆ ನಮಗೆ ನಾಚಿಕೆಯಾಯಿತು. ‘ಕಟ್ಟು ಬಿಚ್ಚಿರಿ’ ಎಂದು ಮೂರು ಸಲ ಬರೆದೆವಲ್ಲದೆ, ಕಟ್ಟು ಎಲ್ಲಿದೆಯೆಂದು ಒಂದು ಸಲವಾದರೂ ಕೇಳಿದೆವೆ? ಮರುದಿನ ನಾವೇ ಹೋಗಿ ವಿಚಾರಿಸಲಾಗಿ, ಹಿರಿಯರ ಒಂದು ರುಜು ಇಲ್ಲದುದರಿಂದ ಕಾಗದವು ನಿಂತಿದೆಯೆಂದು ತಿಳಿಯಿತು. ಅದನ್ನು ಮೊದಲೇ ನಮಗೆ ತಿಳಿಸದಿದ್ದುದು ಅವರ ತಪ್ಪು. ಕೇಳದೆ ಹೋದುದು ನಮ್ಮದು. ರುಜು ಬಿದ್ದ ಮೇಲೆ ಕಾಗದವು ತಾನಾಗಿಯೇ ನಡೆಯಿತು.

ಮನೆಯಲ್ಲಿಯೂ ಹೀಗೆಯೇ ಅಲ್ಲವೆ? ಶಾಲೆಗೆ ಹೊರಡುವ ಮಗುವನ್ನು ‘ಬೇಗ, ಬೇಗ’ ಎಂದು ಗದರಿಸುತ್ತೇವೆ. ಅಂಗಿಯ ಗುಂಡಿ ಕಿತ್ತಿದೆಯೆಂದು ಹೇಳಲು ಅದು ಹೆದರಿ ನಿಂತಿರುತ್ತದೆ. ಹಗ್ಗ ಕಾಲಿಗೆ ಸುತ್ತಿಕೊಂಡ ಎತ್ತನ್ನು ಬಾರುಕೋಲಿನಿಂದ ಹೊಡೆದರೆ ಅದು ಮುಗ್ಗರಿಸೀತೇ ಹೊರತು ನಡೆಯಲಾರದು. ಬೇಗ ಎನ್ನುವ ಮೊದಲು ಬಗ್ಗಿ ಕಾಲನ್ನು ನೋಡುವುದು ಲೇಸು.