ಹುಲ್ಲು ಕತ್ತರಿಸುವ ಯಂತ್ರಕ್ಕೊಂದು ದಿನಚರಿ

ಹಳೇಬೀಡಿಗೆ ಹೋಗಿ ಬಂದವರು ಹೊಯ್ಸಳೇಶ್ವರ ದೇವಾಲಯದ ಶಿಲ್ಪವನ್ನು ಹೊಗಳುತ್ತಾರೆ, ನಂದಿಯನ್ನು ಹೊಗಳುತ್ತಾರೆ, ಬಿಸಿಲಿನಲ್ಲಿ ಕುಡಿದ ಎಳನೀರನ್ನೂ ನೆನೆಯುತ್ತಾರೆ. ಗುಡಿಯ ಸುತ್ತ ಹಾಸಿರುವ ಹುಲ್ಲನ್ನು ಹೊಗಳಿದವರು ಮಾತ್ರ ವಿರಳ. ಆದರೆ ಒಂದು ತಿಂಗಳು ಆ ಹುಲ್ಲಿಗೆ ಕತ್ತರಿ ಬೀಳದಿದ್ದರೆ ಆಗುವುದೇನೆಂದು ಯೋಚಿಸಿ ನೋಡಿ. ಜಗತಿಯ ಅಂಚು ಮರೆಯಾಗುತ್ತದೆ. ಹಾವು ಚೇಳುಗಳಿಗೆ ನೆಲೆ ಸಿಗುತ್ತದೆ. ಮಕ್ಕಳನ್ನು ಕರೆತಂದ ತಾಯಂದಿರು ಹೆಜ್ಜೆಗೊಮ್ಮೆ ನೆಲ ನೋಡಿಕೊಂಡು ನಡೆಯಬೇಕಾಗುತ್ತದೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ನೋಡುವ ಕಣ್ಣುಗಳು ಹೆಚ್ಚಿವೆ. ಇಂತಹ ಸಂರಕ್ಷಿತ ಸ್ಥಳಗಳ ತೋಟ ಹಾಗೂ ಹುಲ್ಲುಹಾಸುಗಳನ್ನು ನೋಡಿಕೊಳ್ಳಲೆಂದೇ ಭಾರತೀಯ ಪುರಾತತ್ತ್ವ ಇಲಾಖೆಯಲ್ಲಿ ಉದ್ಯಾನ ಶಾಖೆಯೊಂದಿದೆ ಎಂಬುದು ಅನೇಕರಿಗೆ ತಿಳಿಯದ ಸಂಗತಿ.

ಒಂದಾನೊಂದು ಕಾಲಕ್ಕೆ ಈ ಕೆಲಸಕ್ಕೆ ಕುಡುಗೋಲು ಮತ್ತು ಕುರಿಮಂದೆ ಎರಡೇ ಉಪಾಯಗಳಿದ್ದವು. 1830ರಲ್ಲಿ ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್ ಎಂಬಾತನು ಬಟ್ಟೆಯ ಗಿರಣಿಯಲ್ಲಿ ಉಣ್ಣೆಬಟ್ಟೆಯ ಮೇಲಿನ ನೂಲೆಳೆಗಳನ್ನು ಸವರುವ ಯಂತ್ರವನ್ನು ಕಂಡು, ಇದೇ ಹುಲ್ಲನ್ನೇಕೆ ಸವರಬಾರದೆಂದು ಯೋಚಿಸಿ, ಮೊದಲ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೇಟೆಂಟು ಪಡೆದನು. ಅದನ್ನು ಕೈಯಿಂದ ತಳ್ಳಬೇಕಾಗಿತ್ತು. ಇಂದು ವಿಶಾಲವಾದ ಮೈದಾನಗಳಲ್ಲಿ ಚಾಲಕನು ಮೇಲೆ ಕುಳಿತು ಸವಾರಿ ಮಾಡುತ್ತಲೇ ಹುಲ್ಲು ಕತ್ತರಿಸುವ ಯಂತ್ರಗಳು ಬಂದಿವೆ. ಮೂವರು ಆಳುಗಳ ಕೆಲಸವನ್ನು ಒಂದೇ ಮಾಡುವುದರಿಂದ ಇದಕ್ಕೆ ‘ಮೂವರ್’ ಎಂದು ಹೆಸರಾಯಿತೇನೋ ಎಂದು ಕನ್ನಡಿಗನೊಬ್ಬನು ಊಹಿಸಿದರೆ ಅವನನ್ನು ನಗಬೇಕಾಗಿಲ್ಲ.

ನಮ್ಮ ಓದುಗರಲ್ಲಿ ಇಂತಹ ಯಂತ್ರವನ್ನು ಸ್ವಂತಕ್ಕೆ ಕೊಂಡವರು ಕಡಿಮೆಯಿರಬಹುದು. ಆದರೆ ಶಾಲೆಯ ಆಡಳಿತ ಮಂಡಳಿಯಲ್ಲಿರುವವರು, ಬಡಾವಣೆಯ ಸಂಘದ ಕಾರ್ಯದರ್ಶಿಗಳು, ಕ್ಲಬ್ಬಿನ ಸದಸ್ಯರು, ಊರಿನಲ್ಲಿ ತೋಟ ಉಳಿಸಿಕೊಂಡಿರುವವರು ಬೇಕಾದಷ್ಟು ಮಂದಿ ಇದ್ದಾರೆ. ಕೆಲವು ಲಕ್ಷ ರೂಪಾಯಿಗಳ ಯಂತ್ರವನ್ನು ಕೊಳ್ಳಲು ಒಪ್ಪಿಗೆಯ ಸಹಿ ಹಾಕುವವರು ಇವರೇ. ಯಂತ್ರ ಕೆಟ್ಟು ನಿಂತಾಗ ಚಾಲಕನನ್ನು ಕರೆದು ಗದರಿಸುವವರೂ ಸಾಮಾನ್ಯವಾಗಿ ಇವರೇ. ಈ ಎರಡು ದಿನಗಳ ನಡುವೆ ಆಗಬೇಕಾದ ಆರೈಕೆಯನ್ನು ಕುರಿತು ಇಲ್ಲಿ ನಾಲ್ಕು ಮಾತು ಹೇಳಬೇಕಾಗಿದೆ.

ಮೊದಲನೆಯದಾಗಿ, ಈ ಎಂಜಿನಿನ ಆಯುಷ್ಯವನ್ನು ತಿಂಗಳುಗಳಲ್ಲಿ ಎಣಿಸಬಾರದು, ಗಂಟೆಗಳಲ್ಲಿ ಎಣಿಸಬೇಕು. ದಿನಕ್ಕೆ ನಾಲ್ಕು ಗಂಟೆಯಂತೆ ತಿಂಗಳಿಗೆ ಇಪ್ಪತ್ತೈದು ದಿನ ದುಡಿದರೆ ನೂರು ಗಂಟೆಯಾಯಿತು. ಗಂಟೆಗೆ 40 ಕಿಲೋಮೀಟರಿನಂತೆ ಓಡುವ ಕಾರು ಅಷ್ಟು ಹೊತ್ತಿನಲ್ಲಿ 4,000 ಕಿಲೋಮೀಟರು ಸಾಗುತ್ತದೆ. ಕಾರಿಗಾದರೋ ಇಳಿಜಾರುಂಟು, ನಿಲುಗಡೆಯುಂಟು. ಹುಲ್ಲಿನ ಯಂತ್ರಕ್ಕೆ ಅಂತಹ ವಿಶ್ರಾಂತಿಯಿಲ್ಲ. ಹತ್ತಿದಾಗಿನಿಂದ ಇಳಿಯುವವರೆಗೆ ನಿಮಿಷಕ್ಕೆ ಸುಮಾರು 3,600 ಸುತ್ತಿನಂತೆ ಏಕಪ್ರಕಾರವಾಗಿ ತಿರುಗುತ್ತಿರಬೇಕು. ಆದುದರಿಂದ ‘ವರ್ಷಕ್ಕೊಮ್ಮೆ ಸರ್ವೀಸು’ ಎಂಬ ಲೆಕ್ಕ ಇಲ್ಲಿ ಸಲ್ಲದು. ಯಂತ್ರದಲ್ಲಿಯೇ ಗಂಟೆ ಎಣಿಸುವ ಮೀಟರು ಇರುತ್ತದೆ. ಅದೇ ಇದರ ಪಂಚಾಂಗ.

ಎಲ್ಲ ಊರಿನಲ್ಲಿಯೂ ಎಂಜಿನಿನ ಶತ್ರು ಒಂದೇ ಅಲ್ಲ. ಹಾಸನ ಜಿಲ್ಲೆಯ ಮೂರು ಊರುಗಳನ್ನೇ ತೆಗೆದುಕೊಳ್ಳೋಣ. ಅರಸೀಕೆರೆ ಬಯಲುಸೀಮೆಯ ಮುಖ. ಬೇಲೂರು ಮಲೆನಾಡಿನ ಹೊಸ್ತಿಲು. ಹಳೇಬೀಡು ಕಲ್ಲಿನ ಊರು. ಮೊದಲನೆಯದರಲ್ಲಿ ಧೂಳು, ಎರಡನೆಯದರಲ್ಲಿ ತೇವ, ಮೂರನೆಯದರಲ್ಲಿ ಕಲ್ಲು ಈ ಯಂತ್ರದ ಪರೀಕ್ಷಕರು.

ಅರಸೀಕೆರೆಯ ತೆಂಗಿನ ತೋಟಗಳಲ್ಲಿ ಬೇಸಗೆಯ ಮಧ್ಯಾಹ್ನ ಒಂದು ಸುತ್ತು ನಡೆದು ಬಂದವರ ಪಂಚೆಯ ಅಂಚನ್ನು ನೋಡಿದರೆ ಧೂಳಿನ ಪ್ರಮಾಣ ತಿಳಿಯುತ್ತದೆ. ಅಲ್ಲಿ ಉಸಿರಾಡುವ ಎಂಜಿನಿನ ಪಾಡೇನು? ಎರಡು ಸಿಲಿಂಡರುಗಳ, 700 ಘನ ಸೆಂಟಿಮೀಟರು ಗಾತ್ರದ ಎಂಜಿನೊಂದು ಪೂರ್ಣವೇಗದಲ್ಲಿ ಗಂಟೆಗೆ ಸುಮಾರು 60,000 ಲೀಟರು ಗಾಳಿಯನ್ನು ಒಳಗೆ ಸೆಳೆದುಕೊಳ್ಳುತ್ತದೆ. ಆ ಗಾಳಿಯಲ್ಲಿರುವ ಮರಳಿನ ಕಣವಾದರೋ ಎರಕದ ಕಬ್ಬಿಣಕ್ಕಿಂತ ಗಡಸು. ಹೊಯ್ಸಳರ ಗುಡಿಗಳಲ್ಲಿ ಕಡೆದ ಕಂಬಗಳ ನುಣುಪನ್ನು ಕಂಡವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಜ್ಜಿದ ವಸ್ತು ಸವೆಯುತ್ತದೆ. ಶಿಲ್ಪಿಗೆ ಬೇಕಾದದ್ದು ಆ ಸವೆತವೇ; ಎಂಜಿನಿಗೆ ಬೇಡವಾದದ್ದೂ ಅದೇ. ಪಿಸ್ಟನ್ನಿನ ಬಳೆಗಳು ಸವೆದರೆ ಎಣ್ಣೆ ಮೇಲಕ್ಕೇರಿ ಉರಿಯುತ್ತದೆ, ನೀಲಿ ಹೊಗೆ ಕಾಣಿಸುತ್ತದೆ. ಹೊಗೆ ಕಂಡ ಮೇಲೆ ಚಿಕಿತ್ಸೆಯಲ್ಲ, ಶಸ್ತ್ರಕ್ರಿಯೆಯೇ ಗತಿ.

ಇದನ್ನು ತಡೆಯುವ ದ್ವಾರಪಾಲಕನೇ ಗಾಳಿಯ ಫಿಲ್ಟರು. ಸಾಮಾನ್ಯವಾಗಿ ಹೊರಗೆ ಸ್ಪಂಜಿನ ಹೊದಿಕೆ, ಒಳಗೆ ಮಡಿಕೆಮಡಿಕೆಯಾದ ಕಾಗದದ ಫಿಲ್ಟರು ಇರುತ್ತವೆ. ಸ್ಪಂಜನ್ನು ಸುಮಾರು 25 ಗಂಟೆಗೊಮ್ಮೆ ಸಾಬೂನು ನೀರಿನಲ್ಲಿ ತೊಳೆದು, ಹಿಂಡದೆ ಬಟ್ಟೆಯಲ್ಲಿ ಒತ್ತಿ, ಪೂರ್ತಿ ಒಣಗಿದ ಮೇಲೆ ಹಾಕಬೇಕು. ಕಾಗದದ ಫಿಲ್ಟರನ್ನು ತೊಳೆಯಬಾರದು. ಟೈರಿಗೆ ಗಾಳಿ ತುಂಬುವ ಪಂಪಿನಿಂದ ಊದಲೂಬಾರದು. ಊದಿದರೆ ಕಣ್ಣಿಗೆ ಕಾಣದ ಸೀಳುಗಳು ಬಿದ್ದು, ಫಿಲ್ಟರು ನೋಡಲು ಶುಭ್ರವಾಗಿದ್ದರೂ ಧೂಳಿಗೆ ದಾರಿ ಬಿಡುತ್ತದೆ. ಮೆಲ್ಲಗೆ ತಟ್ಟಿ ಉದುರಿಸಬಹುದು. ಕಪ್ಪಾಗಿದ್ದರೆ ಬದಲಾಯಿಸುವುದೇ ಲೇಸು. ಧೂಳಿನ ಊರಿನಲ್ಲಿ ಕೈಪಿಡಿ ಹೇಳಿದ ಅವಧಿಯನ್ನು ಅರ್ಧಕ್ಕಿಳಿಸುವುದು ದುಂದಲ್ಲ, ಮಿತವ್ಯಯ.

ಗಾಳಿಯ ಬೆನ್ನಿಗೇ ಎಣ್ಣೆಯ ಮಾತು ಬರಬೇಕು. ನಮ್ಮ ಹಿರಿಯರು ಕೀಲೆಣ್ಣೆ ಹಾಕದೆ ಗಾಡಿ ಕಟ್ಟುತ್ತಿರಲಿಲ್ಲ. ಉಗಿಬಂಡಿಯ ಕಾಲದಲ್ಲಿ ಅರಸೀಕೆರೆಯಂತಹ ಜಂಕ್ಷನ್ನುಗಳಲ್ಲಿ ರೈಲು ನಿಂತೊಡನೆ ಎಣ್ಣೆಯ ಡಬ್ಬಿ ಹಿಡಿದು ಇಳಿದು ಬರುವವನನ್ನು ಪ್ರಯಾಣಿಕರು ನೋಡುತ್ತಿದ್ದರು. ಇಷ್ಟು ದೊಡ್ಡ ಬಂಡಿಗೆ ಆತ ಪ್ರತಿ ನಿಲುಗಡೆಯಲ್ಲಿ ತೋರುತ್ತಿದ್ದ ಆ ಗಮನವೇ ಇಂದಿನ ಸಣ್ಣ ಎಂಜಿನಿಗೂ ಬೇಕು. ಪ್ರತಿದಿನ ಬೆಳಿಗ್ಗೆ, ಎಂಜಿನು ತಣ್ಣಗಿರುವಾಗ, ಸಮತಟ್ಟಾದ ನೆಲದಲ್ಲಿ ಯಂತ್ರವನ್ನು ನಿಲ್ಲಿಸಿ ಅಳತೆಕಡ್ಡಿಯನ್ನು ನೋಡಬೇಕು. ಎಣ್ಣೆ ಕಡಿಮೆಯಾದರೆ ಎಂಜಿನು ಸುಡುತ್ತದೆ. ‘ಹೆಚ್ಚಿದ್ದರೆ ಹೆಚ್ಚು ಒಳ್ಳೆಯದು’ ಎಂದು ಮೇಲಿನ ಗೆರೆ ದಾಟಿಸಿದರೆ ನೊರೆಯೆದ್ದು ಅದೂ ಕೆಡುಕೇ. ನೀರಿನ ತಂಪಿಲ್ಲದ, ಗಾಳಿಯಿಂದಲೇ ತಣಿಯುವ ಈ ಎಂಜಿನುಗಳಲ್ಲಿ ಎಣ್ಣೆಯು ಜಾರಿಕೆಯನ್ನಲ್ಲದೆ ತಂಪನ್ನೂ ಕೊಡುತ್ತದೆಂಬುದನ್ನು ಮರೆಯಬಾರದು.

ಹೊಸ ಎಂಜಿನಿನ ಮೊದಲ ಎಣ್ಣೆಯನ್ನು ಕೆಲವೇ ಗಂಟೆಗಳ ದುಡಿಮೆಯಲ್ಲಿ ಬದಲಿಸುವಂತೆ ಅನೇಕ ತಯಾರಕರು ಹೇಳುತ್ತಾರೆ. ಒಳಭಾಗಗಳು ಪರಸ್ಪರ ಹೊಂದಿಕೊಳ್ಳುವಾಗ ಉದುರುವ ಲೋಹದ ಪುಡಿ ಅದರಲ್ಲಿರುತ್ತದೆ. ಆಮೇಲೆ ಎಂಜಿನಿಗೆ ತಕ್ಕಂತೆ 50ರಿಂದ 100 ಗಂಟೆಗೊಮ್ಮೆ. ಎಂಜಿನು ಬೆಚ್ಚಗಿರುವಾಗಲೇ ಹಳೆಯ ಎಣ್ಣೆಯನ್ನು ಇಳಿಸಿದರೆ ಕಸವೂ ಅದರೊಡನೆ ಇಳಿದುಬರುತ್ತದೆ. ಇಳಿಸಿದ ಸುಮಾರು ಎರಡು ಲೀಟರು ಎಣ್ಣೆಯನ್ನು ಬೇಲಿಯ ಬುಡಕ್ಕೆ ಸುರಿಯುವ ಅಭ್ಯಾಸವನ್ನು ಬಿಡಲೇಬೇಕು. ಹಳೇಬೀಡಿನ ಗುಡಿಯ ಮಗ್ಗುಲಲ್ಲೇ ದೋರಸಮುದ್ರದ ಕೆರೆಯಿದೆ. ಮಣ್ಣಿಗೆ ಸೇರಿದ್ದು ಮಳೆಗಾಲದಲ್ಲಿ ನೀರಿಗೂ ಸೇರುತ್ತದೆ. ಡಬ್ಬಿಯಲ್ಲಿ ತುಂಬಿ, ಹಳೆಯ ಎಣ್ಣೆಯನ್ನು ಸಂಗ್ರಹಿಸುವ ವರ್ಕ್‌ಶಾಪಿಗೆ ಒಪ್ಪಿಸಬೇಕು.

ಇನ್ನು ಬೇಲೂರಿನ ಕಡೆಗೆ ಬರೋಣ. ಯಗಚಿಯ ದಂಡೆಯಿಂದ ಚಿಕ್ಕಮಗಳೂರು, ಸಕಲೇಶಪುರಗಳತ್ತ ಹೊರಟರೆ ನೆಲ ಹಸಿರಾಗುತ್ತ, ಗಾಳಿ ತೇವವಾಗುತ್ತ ಹೋಗುತ್ತದೆ. ಇಲ್ಲಿ ಹುಲ್ಲು ವೇಗವಾಗಿ ಬೆಳೆಯುವುದೂ ಹಸಿಯಾಗಿ ಅಂಟುವುದೂ ಒಂದೇ ಋತುವಿನಲ್ಲಿ. ಒದ್ದೆ ಹುಲ್ಲು ಕತ್ತಿಯ ಗೂಡಿನ ಒಳಮೈಗೆ ಮೆತ್ತಿಕೊಂಡು ಭಾರವಾಗುತ್ತದೆ, ಎಂಜಿನು ಏದುತ್ತದೆ. ಎಂಜಿನನ್ನು ತಣಿಸಲು ಗಾಳಿ ಹೋಗುವ ಜಾಲರಿಯ ಮೇಲೂ, ಸಿಲಿಂಡರಿನ ಹೊರಮೈಯ ತೆಳುವಾದ ಲೋಹದ ಪಟ್ಟಿಗಳ ನಡುವೆಯೂ ಹುಲ್ಲಿನ ಚೂರುಗಳು ತುಂಬಿಕೊಂಡು, ಎಂಜಿನು ಕಂಬಳಿ ಹೊದ್ದು ಬಿಸಿಲಿನಲ್ಲಿ ಓಡಿದಂತಾಗುತ್ತದೆ. ಜಾಲರಿಯನ್ನು ದಿನಾ ಶುಚಿಮಾಡಬೇಕು. ಸುಮಾರು ನೂರು ಗಂಟೆಗೊಮ್ಮೆ ಮುಚ್ಚಳ ಬಿಚ್ಚಿ ಪಟ್ಟಿಗಳ ಸಂದುಗಳನ್ನು ಬ್ರಷ್ಷಿನಿಂದ ಬಿಡಿಸಬೇಕು. ಕಾದ ಎಂಜಿನಿಗೆ ತಣ್ಣೀರೆರಚುವುದು ಸರ್ವಥಾ ಸಲ್ಲದು.

ತೇವದ ಇನ್ನೊಂದು ಉಪದ್ರವ ಪೆಟ್ರೋಲಿನ ಟ್ಯಾಂಕಿನೊಳಗೆ. 2025ರ ಹೊತ್ತಿಗೆ ನಮ್ಮ ದೇಶದ ಬಂಕುಗಳಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಸಾಮಾನ್ಯವಾಯಿತು. ಎಥನಾಲಿಗೆ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವುಂಟು. ನೀರು ಮಿತಿಮೀರಿದಾಗ ಅದು ಎಥನಾಲಿನೊಡನೆ ಬೇರ್ಪಟ್ಟು ಟ್ಯಾಂಕಿನ ತಳಕ್ಕಿಳಿಯುತ್ತದೆ. ಎಂಜಿನು ಮೊದಲು ಹೀರುವುದು ಆ ತಳದ್ದನ್ನೇ. ಅನೇಕ ಸಣ್ಣ ಎಂಜಿನುಗಳ ಕೈಪಿಡಿಗಳಾದರೋ ಶೇಕಡಾ 10ಕ್ಕಿಂತ ಹೆಚ್ಚು ಎಥನಾಲ್ ಬೇಡವೆನ್ನುತ್ತವೆ. ಆದುದರಿಂದ ಯಂತ್ರ ಕೊಳ್ಳುವಾಗ ಬಣ್ಣ, ಆಸನಗಳನ್ನು ವಿಚಾರಿಸುವ ಮೊದಲು ‘ಇದು ಶೇಕಡಾ 20ರ ಪೆಟ್ರೋಲಿಗೆ ಒಗ್ಗುತ್ತದೆಯೆ?’ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಬೇಕು. ಪೆಟ್ರೋಲನ್ನು ಒಂದು ತಿಂಗಳಿಗೆ ಮೀರಿ ಕೂಡಿಡಬಾರದು. ಬೇಸಗೆಯಲ್ಲಿ ಹುಲ್ಲು ಒಣಗಿ ಯಂತ್ರ ಮೂಲೆ ಸೇರುವಾಗ ಟ್ಯಾಂಕನ್ನು ಖಾಲಿಮಾಡಿ, ಕಾರ್ಬುರೇಟರಿನಲ್ಲಿ ಉಳಿದದ್ದು ಉರಿದು ಮುಗಿಯುವವರೆಗೆ ಎಂಜಿನನ್ನು ನಡೆಸಿ ನಿಲ್ಲಿಸುವುದು ಉತ್ತಮ. ಹಾಗೆ ಮಾಡದಿದ್ದರೆ ಹಳೆಯ ಪೆಟ್ರೋಲು ಅಂಟಾಗಿ, ಮೊದಲ ಮಳೆ ಬಿದ್ದ ವಾರದಲ್ಲೇ ಯಂತ್ರ ಮುಷ್ಕರ ಹೂಡುತ್ತದೆ.

ನೂರು ಗಂಟೆಗೊಮ್ಮೆ ಸ್ಪಾರ್ಕ್ ಪ್ಲಗ್ಗನ್ನೂ ಬಿಚ್ಚಿ ನೋಡಬೇಕು. ವೈದ್ಯನು ನಾಲಿಗೆ ನೋಡಿ ಹೊಟ್ಟೆಯ ಸ್ಥಿತಿಯನ್ನು ತಿಳಿಯುವಂತೆ, ಪ್ಲಗ್ಗಿನ ತುದಿ ಎಂಜಿನಿನ ಒಳಗುಟ್ಟನ್ನು ಹೇಳುತ್ತದೆ. ತಿಳಿಕಂದು ಬಣ್ಣವಿದ್ದರೆ ಆರೋಗ್ಯ. ಒಣ ಕಪ್ಪು ಮಸಿಯಿದ್ದರೆ ಗಾಳಿ ಸಾಲದು, ಫಿಲ್ಟರನ್ನು ನೋಡಬೇಕು. ಎಣ್ಣೆ ಜಿಡ್ಡಿದ್ದರೆ ಒಳಗೆ ಸವೆತ ಆರಂಭವಾಗಿದೆ. ಕಿಡಿ ಹಾರುವ ಸಂದು ಅನೇಕ ಎಂಜಿನುಗಳಲ್ಲಿ 0.76 ಮಿಲಿಮೀಟರು. ಡೀಸೆಲ್ ಯಂತ್ರವಾದರೆ ಪ್ಲಗ್ಗಿನ ಈ ಮಾತು ಅನ್ವಯಿಸದು. ಅಲ್ಲಿ ಡೀಸೆಲಿನಿಂದ ನೀರನ್ನು ಬೇರ್ಪಡಿಸುವ ಫಿಲ್ಟರಿಗೆ ಆ ಗಮನ ಸಲ್ಲಬೇಕು.

ಬೇಲೂರಿನಿಂದ ಸುಮಾರು 16 ಕಿಲೋಮೀಟರು ಬಂದರೆ ಹಳೇಬೀಡು. ಇಲ್ಲಿನ ಮಾತು ಎಂಜಿನಿಗಷ್ಟೇ ಸಂಬಂಧಿಸಿದ್ದಲ್ಲ. ಸುಮಾರು 1121ರಲ್ಲಿ ಆರಂಭವಾದ ಹೊಯ್ಸಳೇಶ್ವರ ದೇವಾಲಯವೂ, 1117ರ ಬೇಲೂರಿನ ಚೆನ್ನಕೇಶವ ದೇವಾಲಯವೂ ಬಳಪದ ಕಲ್ಲಿನವು. ಗಣಿಯಿಂದ ತೆಗೆದಾಗ ಮೃದುವಾಗಿ ಉಳಿಗೆ ಒದಗುವುದರಿಂದಲೇ ಅದರಲ್ಲಿ ಆಭರಣದ ಮಣಿಯನ್ನೂ ಬಿಡಿಸಿ ಕೆತ್ತುವುದು ಸಾಧ್ಯವಾಯಿತು. ಅಂತಹ ಕಲ್ಲಿಗೆ ಪೆಟ್ಟೂ ಬೇಗ ತಾಗುತ್ತದೆ. ವೃತ್ತಿಪರ ಯಂತ್ರಗಳ ಕತ್ತಿಯ ತುದಿ ಗಂಟೆಗೆ 300 ಕಿಲೋಮೀಟರು ಮೀರಿದ ವೇಗದಲ್ಲಿ ತಿರುಗುತ್ತದೆ. ಅದರ ಹೊಡೆತಕ್ಕೆ ಸಿಕ್ಕಿದ ಬೆಣಚುಕಲ್ಲಿಗೂ ಕವಣೆಯ ಕಲ್ಲಿಗೂ ವ್ಯತ್ಯಾಸವಿಲ್ಲ. ಆದುದರಿಂದ ಸವಾರಿಗೆ ಮುನ್ನ ನೆಲದ ಕಲ್ಲುಗಳನ್ನು ಆರಿಸಬೇಕು. ಹುಲ್ಲು ಚಿಮ್ಮುವ ಬಾಯಿಯನ್ನು ಗೋಡೆಗೂ ಜನರಿಗೂ ತೋರಿಸಬಾರದು. ಜಗತಿಯ ಅಂಚಿನ ಒಂದೆರಡು ಮಾರು ಹುಲ್ಲನ್ನು ಕೈಗತ್ತರಿಗೇ ಬಿಡಬೇಕು.

ಕತ್ತಿಗೂ ಎಂಜಿನಿಗೂ ನಂಟಿದೆ. ಮೊಂಡಾದ ಕತ್ತಿ ಎಂಜಿನಿನ ಶಕ್ತಿಯನ್ನು ತಿನ್ನುತ್ತದೆ. ಕಲ್ಲಿಗೆ ತಾಗಿ ಒಂದು ಕಡೆ ಸವೆದ ಕತ್ತಿ ತೂಕ ತಪ್ಪಿ ನಡುಗುತ್ತದೆ, ಆ ನಡುಕ ಬೇರಿಂಗುಗಳನ್ನೂ ಬೋಲ್ಟುಗಳನ್ನೂ ಸಡಿಲಿಸುತ್ತದೆ. ಸಾಣೆ ಹಿಡಿದ ಮೇಲೆ ಕತ್ತಿಯ ನಡುತೂತನ್ನು ಗೋಡೆಯ ಮೊಳೆಗೆ ತೂಗುಹಾಕಿ ನೋಡಿದರೆ ಯಾವ ತುದಿ ಭಾರವೆಂಬುದು ತಿಳಿಯುತ್ತದೆ. ಆದರೆ ಕತ್ತಿಯ ಹತ್ತಿರ ಕೈ ಹೋಗುವ ಮುನ್ನ ಎಂಜಿನು ನಿಂತಿರಬೇಕು, ಕೀಲಿಕೈ ಜೇಬಿನಲ್ಲಿರಬೇಕು, ಪ್ಲಗ್ಗಿನ ತಂತಿ ಬಿಚ್ಚಿರಬೇಕು. ಹೋದ ಬೆರಳನ್ನು ಯಾವ ಕಂಪನಿಯ ಬಿಡಿಭಾಗದ ಅಂಗಡಿಯೂ ಮಾರುವುದಿಲ್ಲ.

ಇಷ್ಟನ್ನೂ ಓದಿ ‘ಇದೆಲ್ಲ ಚಾಲಕನ ಕೆಲಸವಲ್ಲವೇ?’ ಎಂದು ಕೆಲವರು ಕೇಳಬಹುದು. ನಿಜ, ಆತನದೇ. ಆದರೆ ಅದನ್ನು ಮಾಡಲು ಆತನಿಗೆ ನಾವು ಕೊಟ್ಟಿರುವುದೇನು? ಬೆಳಿಗ್ಗೆ ಏಳಕ್ಕೆ ಬಂದವನು ಏಳೂ ಐದಕ್ಕೆ ಹುಲ್ಲಿನಲ್ಲಿರಬೇಕೆಂದು ಬಯಸುತ್ತೇವೆ. ಇಂಗ್ಲಿಷಿನಲ್ಲಿರುವ ಕೈಪಿಡಿಯನ್ನು ಕಚೇರಿಯ ಬೀರುವಿನಲ್ಲಿ ಬೀಗ ಹಾಕಿಡುತ್ತೇವೆ. ಫಿಲ್ಟರು ಬೇಕೆಂದು ಆತ ಹೇಳಿದರೆ ಮುಂದಿನ ಸಭೆಯವರೆಗೆ ತಡೆಯಲು ಹೇಳುತ್ತೇವೆ. ಎಂಜಿನು ಹಿಡಿದುಕೊಂಡ ದಿನ ಮಾತ್ರ ಎಲ್ಲರ ಬೆರಳೂ ಆತನ ಕಡೆಗೇ. ದಿನಗೂಲಿಯಲ್ಲಿ ದುಡಿಯುವವನಾದರೆ ಯಂತ್ರದೊಂದಿಗೆ ಆತನ ಸಂಪಾದನೆಯೂ ನಿಂತುಹೋಗುತ್ತದೆ.

ಆದುದರಿಂದ ಸಹಿ ಹಾಕುವ ಹಿರಿಯರಲ್ಲಿ ಒಂದು ವಿನಂತಿ. ಬೆಳಗಿನ ಹದಿನೈದು ನಿಮಿಷವನ್ನು ಯಂತ್ರದ ಆರೈಕೆಗೆಂದೇ ಬಿಡಿ. ಅದನ್ನು ಕೂಲಿಯ ಹೊತ್ತಿನಲ್ಲೇ ಎಣಿಸಿ. ಕೈಪಿಡಿಯ ಅಗತ್ಯದ ಪುಟವನ್ನು ಕನ್ನಡದಲ್ಲಿ ಬರೆಯಿಸಿ ಶೆಡ್ಡಿನ ಗೋಡೆಗೆ ಅಂಟಿಸಿ. ಒಂದು ಫಿಲ್ಟರು, ಒಂದು ಪ್ಲಗ್ಗು, ಒಂದು ಸಲದ ಎಣ್ಣೆ ಸದಾ ಕಪಾಟಿನಲ್ಲಿರಲಿ. ದಾರ ಕಟ್ಟಿದ ನೋಟುಬುಕ್ಕೊಂದನ್ನು ತೂಗುಹಾಕಿ, ಗಂಟೆಯ ಮೀಟರು, ಎಣ್ಣೆ, ಗಾಳಿ, ಜಾಲರಿ, ಕತ್ತಿ ಎಂಬ ಐದು ಕಲಮುಗಳನ್ನು ಎಳೆಯಿಸಿ. ಎಲ್ಲಕ್ಕೂ ಮಿಗಿಲಾಗಿ, ‘ಇವತ್ತು ಶಬ್ದ ಸರಿಯಿಲ್ಲ, ನಿಲ್ಲಿಸುತ್ತೇನೆ’ ಎನ್ನುವ ಅಧಿಕಾರವನ್ನು ಆಸನದಲ್ಲಿ ಕುಳಿತವನಿಗೆ ಕೊಡಿ. ಆ ಶಬ್ದವನ್ನು ದಿನಕ್ಕೆ ನಾಲ್ಕು ಗಂಟೆ ಕೇಳುವವನು ಆತನೊಬ್ಬನೇ.