ಆ್ಯಪ್ ಬಂತು, ವಹಿ ಹೋಗಲಿಲ್ಲ

ಶಾಲೆಗಳಿಗೆ ಹೊಸ ಪೋರ್ಟಲ್ ಅಥವಾ ಆ್ಯಪ್ ಬಂದಾಗಲೆಲ್ಲ ಅದರ ಜೊತೆಗೆ ಒಂದು ಮಾತು ತಪ್ಪದೆ ಬರುತ್ತದೆ: ಇದರಿಂದ ಮುಖ್ಯ ಶಿಕ್ಷಕರ ಸಮಯ ಉಳಿಯುತ್ತದೆ. ಈ ಮಾತು ಅರ್ಧ ನಿಜ. ಸಮಯ ಉಳಿಯುವುದು ಹೌದು. ಆದರೆ ಉಳಿಯುವುದು ಬಿಇಒ ಕಚೇರಿಯಲ್ಲಿ, ಬೆಂಗಳೂರಿನಲ್ಲಿ, ದೆಹಲಿಯಲ್ಲಿ. ಶಾಲೆಯಲ್ಲಲ್ಲ.

ಯುಡೈಸ್ ಕಥೆಯನ್ನೇ ನೋಡಿ. ದೇಶದ ಶಾಲೆಗಳ ಲೆಕ್ಕವಿಡುವ ಈ ವ್ಯವಸ್ಥೆಗೆ ಹಿಂದೆ ಶಾಲೆಯವರು ವರ್ಷಕ್ಕೊಮ್ಮೆ ಕಾಗದದ ನಮೂನೆ ತುಂಬಿ ಕಳಿಸುತ್ತಿದ್ದರು. ಅದನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ಬ್ಲಾಕ್ ಅಥವಾ ಜಿಲ್ಲಾ ಮಟ್ಟದ್ದಾಗಿತ್ತು. 2018-19ರಲ್ಲಿ ಅದು ಯುಡೈಸ್ ಪ್ಲಸ್ ಆಯಿತು, ಶಾಲೆಯೇ ಆನ್‌ಲೈನಿನಲ್ಲಿ ತುಂಬುವ ಪದ್ಧತಿ ಶುರುವಾಯಿತು. 2022-23ರಿಂದ ಶಾಲೆಯ ಒಟ್ಟು ಲೆಕ್ಕ ಸಾಲದೆ ಒಂದೊಂದು ಮಗುವಿನ ವಿವರವೂ ಬೇಕಾಯಿತು. ಡೇಟಾ ಎಂಟ್ರಿ ಎಂಬ ಕೆಲಸ ಇದರಿಂದ ಕಡಿಮೆಯಾಗಲಿಲ್ಲ, ಕಚೇರಿಯಿಂದ ಎದ್ದು ಬಂದು ಮುಖ್ಯ ಶಿಕ್ಷಕರ ಮೇಜಿನ ಮೇಲೆ ಕೂತಿತು. ಅದರ ಹಿಂದೆ ಸಂಬಳ ಬರಲಿಲ್ಲ.

ಆ ಮೇಜಿನ ಸ್ಥಿತಿಯಾದರೂ ಏನು? ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗೆ ಗುಮಾಸ್ತರಿಲ್ಲ. ಎಫ್‌ಡಿಎ, ಎಸ್‌ಡಿಎ ಎಂಬುವರು ಪ್ರೌಢಶಾಲೆಯ ಭಾಗ್ಯ, ಅಲ್ಲೂ ಹುದ್ದೆ ತುಂಬಿದ್ದರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 5ನೇ ತರಗತಿವರೆಗಿನ ಶಾಲೆಯಲ್ಲಿ ಮಕ್ಕಳು 150 ದಾಟಿದರೆ ಮಾತ್ರ ಪ್ರತ್ಯೇಕ ಮುಖ್ಯ ಶಿಕ್ಷಕರು. 60 ಮಕ್ಕಳವರೆಗೆ ಇಬ್ಬರೇ ಶಿಕ್ಷಕರು, ಅವರಲ್ಲೊಬ್ಬರು ಪ್ರಭಾರ. ಅವರು ಲಾಗಿನ್ ಆಗಿ ಒಟಿಪಿಗೆ ಕಾಯುವಾಗ ಎರಡು ಮೂರು ತರಗತಿಗಳು ಮೇಷ್ಟ್ರಿಲ್ಲದೆ ಕೂತಿರುತ್ತವೆ. ಆಡಳಿತದ ಸಮಯ ಎಂದು ನಾವು ಕರೆಯುವುದು ಇಲ್ಲಿ ಪಾಠದ ಸಮಯವೇ. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎಂದು ಅದೇ ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. ಡೇಟಾ ಎಂಟ್ರಿಯನ್ನು 'ಶಾಲೆಯದೇ ಕೆಲಸ' ಎಂದು ಕರೆದುಬಿಟ್ಟರೆ ಆ ಸೆಕ್ಷನ್ ಅಡ್ಡ ಬರುವುದಿಲ್ಲ. ಜಾಣತನ!

ಇನ್ನು ಸಂಖ್ಯೆಗಳು. ಕರ್ನಾಟಕದ ಒಂದು ಮಗುವಿಗೆ ರಾಜ್ಯದ ಸ್ಯಾಟ್ಸ್ ಸಂಖ್ಯೆ, ಯುಡೈಸ್ ಪ್ಲಸ್‌ನ ಪೆನ್, ಈಗ ಅಪಾರ್, ಇವುಗಳ ಮೇಲೆ ಆಧಾರ್. ಗಡಿಯಾಚೆಯ ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಗಳಲ್ಲಿ ಸ್ಯಾಟ್ಸ್ ಬದಲು ಮಹಾರಾಷ್ಟ್ರದ 'ಸರಲ್'. ಹೆಸರೇನೋ ಸರಳ. ಅಪಾರ್ ಹುಟ್ಟಬೇಕಾದರೆ ಶಾಲೆಯ ದಾಖಲೆಯ ಹೆಸರಿಗೂ ಆಧಾರಿನ ಹೆಸರಿಗೂ ತಾಳೆಯಾಗಬೇಕು. ಇದೆಷ್ಟು ಕಷ್ಟ ಎಂಬುದು ಮುಂಬೈ, ದೆಹಲಿಯ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. 'ಲಾಸ್ಟ್ ನೇಮ್' ಎಂಬ ಕಾಲಂ ಎದುರು ಊರಿನ ಹೆಸರೋ ಅಪ್ಪನ ಹೆಸರೋ ಎಂದು ಒಮ್ಮೆಯಾದರೂ ತಡವರಿಸಿದವರೇ ಎಲ್ಲ. ಒಂದು ಕಡೆ ಇನಿಷಿಯಲ್ ಮುಂದೆ, ಇನ್ನೊಂದು ಕಡೆ ಹಿಂದೆ, ಮತ್ತೊಂದು ಕಡೆ ಬಿಡಿಸಿ ಬರೆದದ್ದು. ತಿದ್ದುಪಡಿಗೆ ತಾಯಿ ಒಂದು ದಿನದ ಕೂಲಿ ಬಿಟ್ಟು ಆಧಾರ್ ಕೇಂದ್ರಕ್ಕೆ ಹೋಗಬೇಕು. ಅವರನ್ನು ಒಪ್ಪಿಸಿ ಕಳಿಸುವ ಕೆಲಸವೂ ಶಾಲೆಯದೇ.

ಇಷ್ಟಾದ ಮೇಲೂ ಹಾಜರಾತಿ ವಹಿ, ಬಿಸಿಯೂಟದ ದಾಸ್ತಾನು ವಹಿ, ನಗದು ಪುಸ್ತಕ ಎಲ್ಲ ಹಾಗೇ ಇವೆ. ತಪಾಸಣೆಗೆ ಬಂದವರು ಕೇಳುವುದು ಅವನ್ನೇ. ಊಟ ಮಾಡಿದ ಮಕ್ಕಳ ಸಂಖ್ಯೆ ವಹಿಯಲ್ಲೂ ಬರೆಯಬೇಕು, ಮೊಬೈಲಿನಲ್ಲೂ ಕಳಿಸಬೇಕು. ಪೋರ್ಟಲ್‌ನಲ್ಲಿ ಈಗಾಗಲೇ ಇರುವ ಮಾಹಿತಿಯನ್ನೇ ವಾಟ್ಸಾಪ್ ಗುಂಪಿನಲ್ಲಿ 'ಅತಿ ತುರ್ತು' ಎಂದು ಎಕ್ಸೆಲ್ ಹಾಳೆಯಲ್ಲಿ ಮತ್ತೆ ಕೇಳುತ್ತಾರೆ. ಕೇಳಿದವರು ತಮ್ಮದೇ ಪೋರ್ಟಲ್ ತೆರೆದು ನೋಡುವುದಿಲ್ಲ, ಯಾಕೆಂದರೆ ಶಾಲೆಯನ್ನು ಕೇಳುವುದು ಅವರಿಗೆ ಪುಕ್ಕಟೆ.

ಕಂಪ್ಯೂಟರೇ ಬೇಡ ಎಂಬ ವಾದ ಇದಲ್ಲ. ಕಲಬುರಗಿಯಿಂದ ಪುಣೆಯ ಕಟ್ಟಡ ಕೆಲಸಕ್ಕೆ ಹೋದ ಕುಟುಂಬದ ಮಗುವನ್ನು ಅಲ್ಲಿನ ಶಾಲೆ ಪೆನ್ ಸಂಖ್ಯೆಯಿಂದ ಗುರುತಿಸಬಹುದು. ಅದು ನಿಜವಾದ ಲಾಭ. ಗಣಕೀಕರಣ ಹೇಗೆ ಮಾಡಬೇಕೆಂಬುದೂ ಕರ್ನಾಟಕಕ್ಕೆ ಗೊತ್ತು. 'ಭೂಮಿ' ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದಾಗ ಆಯಾ ತಾಲ್ಲೂಕಿನಲ್ಲಿ ಕೈಬರಹದ ಪಹಣಿಯ ಮಾನ್ಯತೆಯನ್ನೇ ಸರ್ಕಾರ ರದ್ದು ಮಾಡಿತು. ಆ ಯೋಜನೆಯಲ್ಲಿ ಬೇರೆ ಕೊರತೆಗಳಿದ್ದವು, ಅದು ಬೇರೆ ಮಾತು. ಆದರೆ ಒಂದು ಪಹಣಿಯನ್ನು ಎರಡು ಸಲ ಬರೆಯುವ ಶಿಕ್ಷೆ ಯಾರಿಗೂ ಉಳಿಯಲಿಲ್ಲ. ಜಮೀನಿಗೆ ತೋರಿದ ಈ ಧೈರ್ಯವನ್ನು ಶಾಲೆಗೆ ತೋರಲು ಸರ್ಕಾರಕ್ಕೆ ಮನಸ್ಸಿಲ್ಲ.

ಆ್ಯಪ್ ಇಲ್ಲದಿದ್ದರೆ ಸುಳ್ಳು ಹಾಜರಾತಿ, ಅಕ್ಕಿಯ ಕಳ್ಳಲೆಕ್ಕ ಎಂದು ಅಧಿಕಾರಿಗಳು ಹೇಳುತ್ತಾರೆ. ವಹಿಯಲ್ಲಿ ಸುಳ್ಳು ಬರೆಯುವವರಿಗೆ ಮೊಬೈಲಿನಲ್ಲಿ ಬರೆಯಲು ಏನು ಕಷ್ಟ? ಕಳ್ಳತನ ಹಿಡಿಯಲು ಶಾಲೆಗೆ ಹೋಗಿಯೇ ನೋಡಬೇಕು.

ಆಗಬೇಕಾದದ್ದು ದೊಡ್ಡದೇನಲ್ಲ. ಹೊಸ ಆ್ಯಪ್‌ನ ಸುತ್ತೋಲೆಯಲ್ಲೇ ಯಾವ ವಹಿ ಇಂದಿನಿಂದ ರದ್ದು ಎಂದು ಬರೆಯಲಿ. ಪೋರ್ಟಲ್‌ನಲ್ಲಿರುವ ಮಾಹಿತಿಯನ್ನು ಮತ್ತೆ ಕೇಳಿದರೆ ಕೊಡದಿರುವ ಹಕ್ಕು ಶಾಲೆಗಿರಲಿ. ಇದಾವುದೂ ಆಗದಿದ್ದರೆ ಕ್ಲಸ್ಟರಿಗೊಬ್ಬ ಆಪರೇಟರನ್ನು ಸಂಬಳ ಕೊಟ್ಟು ನೇಮಿಸಲಿ. ಆ ಸಂಬಳದ ಕಡತ ಮುಂದೆ ಬಂದಾಗಲಾದರೂ ಇಷ್ಟು ಕಾಲಂಗಳು ನಿಜಕ್ಕೂ ಯಾರಿಗೆ ಬೇಕು ಎಂದು ಹಣಕಾಸು ಇಲಾಖೆ ಕೇಳೀತು.